ಏಳುನೂರ ಮೂವತ್ತು ಮಣಿಗಳು

ಕೊರೊನಾ ಮುಗಿದು ಶಾಲೆಗಳ ಬಾಗಿಲು ತೆರೆದ ಮರುವರ್ಷ, ಮಾರ್ಚ್ ತಿಂಗಳಲ್ಲಿ ನಾನು ನಿವೃತ್ತಳಾದೆ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ, ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಚಿಕ್ಕ ಮಾಂಟೆಸ್ಸೊರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಟೀಚರ್ ಆಗಿದ್ದೆ. ಎರಡೂವರೆಯಿಂದ ಆರು ವರ್ಷದೊಳಗಿನ ಮಕ್ಕಳು. ಕೊನೆಯ ದಿನ ಶಾಲು ಹೊದಿಸಿ, ಕುಂದಾ ತಿನ್ನಿಸಿ ಕಳಿಸಿಕೊಟ್ಟರು. ಮರುದಿನ ಬೆಳಿಗ್ಗೆ ಎಂಟೂವರೆಗೆ ಸೀರೆ ಉಟ್ಟು ಚೀಲ ಹೆಗಲಿಗೇರಿಸಿ ಬಾಗಿಲ ತನಕ ಬಂದವಳು, ಹೋಗುವುದೆಲ್ಲಿಗೆ ಎಂದು ನೆನಪಾಗಿ ಅಲ್ಲೇ ಕುರ್ಚಿಯ ಮೇಲೆ ಕುಂತೆ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಇವತ್ತ ನನಗ ಒಂದು-ಎರಡು ಕಲಸ್ತೀ ಏನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಇಪ್ಪತ್ತೈದು ಮಕ್ಕಳ ಗದ್ದಲವಿಲ್ಲದ ಮನೆಯಲ್ಲಿ ನನ್ನ ಕಿವಿಗೆ ಕಿವುಡು ಹಿಡಿದಂತಾಗುತ್ತಿತ್ತು.

ಮೇ ತಿಂಗಳಲ್ಲಿ ಶಬಾನಾ ಮನೆಗೆ ಬಂದಳು. ಆಕೆ ನಮ್ಮ ಶಾಲೆಯಲ್ಲಿ ಆರು ವರ್ಷ ಆಯಾ ಆಗಿದ್ದವಳು. ಕಸ ಹೊಡೆಯುವುದು, ಚಾಪೆ ಹಾಸುವುದು, ಮಕ್ಕಳ ಮೂಗು ಒರೆಸುವುದು ಅವಳ ಕೆಲಸ. ಆದರೆ ಅವಳ ಕಣ್ಣು ಸದಾ ನಮ್ಮ ಪಾಠದ ಮೇಲೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕೈಯಲ್ಲಿ ಬೈಸಿಕೊಂಡಿದ್ದಳು. ಒಂದು ಹುಡುಗಿ ಚಾಪೆಯ ಮೇಲೆ ಕೂತು ಗುಲಾಬಿ ಬಣ್ಣದ ಮರದ ತುಂಡುಗಳಿಂದ ಗೋಪುರ ಕಟ್ಟುತ್ತಿದ್ದಳು. ಶಬಾನಾ ಹೋಗಿ ಅವಳ ಜಡೆ ಸರಿಮಾಡಿದಳು. ಮಗು ಬೆಚ್ಚಿ ತಿರುಗಿತು, ಗೋಪುರ ಬಿತ್ತು, ಮಗು ಎದ್ದು ಹೋಯಿತು. ಮಾಂಟೆಸ್ಸೊರಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಮಗು ತಾನಾಗಿ ಕೆಲಸದಲ್ಲಿ ಮುಳುಗಿದಾಗ ಅದನ್ನು ಕರೆಯಬಾರದು, ಮುಟ್ಟಬಾರದು, ಶಭಾಷ್ ಎಂದೂ ಅನ್ನಬಾರದು. ನಾನು ಶಬಾನಾಳನ್ನು ಅಂಗಳಕ್ಕೆ ಕರೆದು, "ನಮಾಜ್ ಮಾಡೋರ ಮುಂದ ನೀ ಹಾದು ಹೋಗತೀಯೇನು?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ತಪ್ಪಾತ್ರಿ ಟೀಚರ್" ಎಂದಳು. ಆಮೇಲೆ ಆರು ವರ್ಷದಲ್ಲಿ ಒಮ್ಮೆಯೂ ಆ ತಪ್ಪು ಮಾಡಲಿಲ್ಲ.

ಈಗ ಆಕೆ ಮಸ್ಕತ್‌ಗೆ ಹೊರಟಿದ್ದಳು. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ, ಎರಡು ವರ್ಷದ ಕರಾರು. ಗಂಡ ದಸ್ತಗೀರ ಬಡಗಿ. ಅವನಿಗೆ ತನ್ನದೇ ಅಂಗಡಿ ಆಗಬೇಕು ಎಂಬುದು ಇಬ್ಬರ ಆಸೆ. ಮಗಳು ಆಫ್ರೀನ್‌ಗೆ ಐದು ತುಂಬಿತ್ತು. ಶಾಲೆ ಮತ್ತೆ ತೆರೆದಾಗಿನಿಂದ ನನ್ನ ವರ್ಗದಲ್ಲೇ ಇದ್ದ ಹುಡುಗಿ. ಕ್ಯಾಂಪಿನ ಬಾಡಿಗೆ ಮನೆ ಬಿಟ್ಟು, ಅಪ್ಪ ಮಗಳು ಖಾನಾಪುರದಲ್ಲಿ ಶಬಾನಾಳ ತಾಯಿಯ ಮನೆಯಲ್ಲಿ ಇರುವುದೆಂದು ಠರಾವು ಆಗಿತ್ತು.

"ಸಾಲಿ ಬಿಡಸಾಕತ್ತೀನ್ರಿ ಟೀಚರ್, ಎದಿ ಒಡದಂಗ ಆಗೇತಿ," ಎಂದಳು ಶಬಾನಾ. "ಆಕಿಗೆ ಎಣಸೂದಂದ್ರ ಜೀಂವ. ಅದೊಂದು ನಿಲ್ಲಬಾರದ್ರಿ. ನಾ ಇಲ್ಲದಾಗ ಆಕಿ ಕೈಯಾಗ ಏನರ ಇರಬೇಕು."

ಖಾನಾಪುರಕ್ಕೆ ಹೋಗಿ ಕಲಿಸಲು ನಾನು ಕೂಡಲೇ ಒಪ್ಪಿಕೊಂಡೆ. ಖರೇ ಹೇಳಬೇಕೆಂದರೆ ಅವಳಿಗಿಂತ ನನಗೇ ಅದು ಬೇಕಾಗಿತ್ತು.

ಜೂನ್ ಮೊದಲ ವಾರದ ಒಂದು ಮಂಗಳವಾರ ಶಬಾನಾ ವಿಮಾನ ಹತ್ತಿದಳು. ಅಂದಿನಿಂದ ಮಂಗಳವಾರ ಮತ್ತು ಶುಕ್ರವಾರ ನಾನು ಖಾನಾಪುರದ ಬಸ್ಸು ಹತ್ತತೊಡಗಿದೆ. ಮುಕ್ಕಾಲು ತಾಸಿನ ಹಾದಿ. ಮನೆ ಮಲಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಎರಡು ಕೋಣೆ, ನಡುವೆ ಪಡಸಾಲೆ, ಹಿಂದೆ ದಸ್ತಗೀರ ಕೆಲಸ ಮಾಡುವ ತಗಡಿನ ಶೆಡ್ಡು. ಶಬಾನಾಳ ತಾಯಿಯನ್ನು ಆಫ್ರೀನ್ ನಾನಿ ಎನ್ನುತ್ತಿದ್ದಳು. ನಾನೂ ನಾನಿ ಎಂದೇ ಕರೆದೆ. ಆಕೆ ನನ್ನನ್ನು ಅಕ್ಕೋರ ಎನ್ನುತ್ತಿದ್ದರು.

ಶಾಲೆಯ ಸಾಮಾನು ಮನೆಗೆ ತರುವಂತಿರಲಿಲ್ಲ. ಅಂಗಡಿಯದು ದುಬಾರಿ. ದಸ್ತಗೀರನಿಗೆ ಅಳತೆ ಬರೆದುಕೊಟ್ಟೆ. ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿಗಳನ್ನು ಕೆತ್ತಿ, ಕೆಂಪು ನೀಲಿ ಬಣ್ಣ ಬಳಿದು ಎಣಿಕೆಯ ಹತ್ತು ಕೋಲು, ನಮ್ಮ ನಂಬರ್ ರಾಡ್, ಮಾಡಿಕೊಟ್ಟ. ಅರ್ಧ ಗೇಣಿನಷ್ಟರಿಂದ ಹಿಡಿದು ಹೆಚ್ಚುಕಡಿಮೆ ಮಗುವಿನಷ್ಟೇ ಉದ್ದನೆಯದರ ತನಕ. ಹತ್ತು ಎಂದರೆ ಎಷ್ಟು ಉದ್ದ ಎಂಬುದನ್ನು ಮಗು ಎರಡೂ ಕೈ ಚಾಚಿ ಹೊತ್ತು ತಿಳಿಯುತ್ತದೆ. ಉಳಿದ ಒರಟು ಪಾಲಿಶ್ ಕಾಗದದಲ್ಲಿ ಅಂಕಿ ಕತ್ತರಿಸಿ ರಟ್ಟಿಗೆ ಅಂಟಿಸಿದೆವು, ಬೆರಳಿನಿಂದ ಸವರಿ ಕಲಿಯಲು. ಆಮೇಲೆ ಸ್ಪಿಂಡಲ್ ಬಾಕ್ಸ್: ಸೊನ್ನೆಯಿಂದ ಒಂಬತ್ತರ ತನಕ ಹತ್ತು ಗೂಡು, ನಲವತ್ತೈದು ಕಡ್ಡಿ. ಸೊನ್ನೆ ಬಿಟ್ಟು ಉಳಿದ ಗೂಡೆಲ್ಲ ತುಂಬಿ ಕೈ ಬರಿದಾದರೆ ಎಣಿಕೆ ಸರಿ. ಕಡ್ಡಿ ಉಳಿದರೆ ಅಥವಾ ಸಾಲದೆ ಹೋದರೆ ತಪ್ಪು. ಟೀಚರ್ ಬಾಯಿ ತೆರೆಯಬೇಕಿಲ್ಲ, ಸಾಮಾನೇ ತಪ್ಪನ್ನು ಹೇಳುತ್ತದೆ. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಸಂಗತಿ ಇದು. ಮಗುವಿಗೆ ಸುಳ್ಳು ಹೇಳದ ಸಾಮಾನು.

ಮನುಷ್ಯರು ಹಾಗಲ್ಲ. ಆಫ್ರೀನ್ ದಿನಕ್ಕೆ ಹತ್ತು ಸಲ "ಅಮ್ಮೀ ಯಾವಾಗ ಬರತಾಳ?" ಎಂದು ಕೇಳುತ್ತಿದ್ದಳು. ನಾನಿ "ನಾಳಿ" ಎನ್ನುತ್ತಿದ್ದರು. ಬಾಜೂಮನೆಯವರು "ನಾಳಿ" ಎನ್ನುತ್ತಿದ್ದರು. ಅಪ್ಪ "ಬರತಾಳ ಬರತಾಳ" ಎಂದು ಕಟ್ಟಿಗೆಗೆ ರಂಧ ಹೊಡೆಯುತ್ತ ಕೂಡುತ್ತಿದ್ದ. ಜುಲೈ ತಿಂಗಳ ಒಂದು ಮಂಗಳವಾರ ನನ್ನ ಸೆರಗು ಹಿಡಿದು, "ಟೀಚರ್, ನೀವರ ಖರೇ ಹೇಳ್ರಿ. ಎರಡ ವರ್ಷ ಅಂದ್ರ ಎಷ್ಟು?" ಎಂದಳು.

ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ. ಬೆಳಗಾವಿಯ ಪೇಟೆಯಿಂದ ಹಳದಿ ಮಣಿಗಳ ಪೊಟ್ಟಣ ತಂದೆ. ನಮ್ಮಲ್ಲಿ ಗೋಲ್ಡನ್ ಬೀಡ್ಸ್ ಎನ್ನುತ್ತಾರೆ; ಹತ್ತು ಹತ್ತು ಮಣಿ ತಂತಿಗೆ ಪೋಣಿಸಿ ಒಂದು ಸರಳು, ಸರಳಿಗೆ ಸರಳು ಕೊಂಡಿ ಹಾಕಿದರೆ ಉದ್ದನೆಯ ಸರ. ವರ್ಷಕ್ಕೆ ಮುನ್ನೂರ ಅರವತ್ತೈದು, ಎರಡು ವರ್ಷಕ್ಕೆ ಏಳುನೂರ ಮೂವತ್ತು. ದಸ್ತಗೀರ ಇಕ್ಕಳ ಹಿಡಿದು ಎಪ್ಪತ್ಮೂರು ಸರಳು ಮಾಡಿದ. ಹಾಸಿದಾಗ ಸರ ಮುಂಬಾಗಿಲಿನಿಂದ ಪಡಸಾಲೆ ದಾಟಿ ಅಡಿಗೆಮನೆಯ ಹೊಸ್ತಿಲು ಮುಟ್ಟಿತು. ಅಷ್ಟುದ್ದದ ಎರಡು ವರ್ಷವನ್ನು ಕಣ್ಣಾರೆ ಕಂಡು ನಾನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಫ್ರೀನ್ ಅಳಲಿಲ್ಲ. ಸರದ ಬಾಜೂಕೆ ಮೊಣಕಾಲೂರಿ, ಒಂದೊಂದೇ ಸರಳು ಬೆರಳಿನಿಂದ ಮುಟ್ಟುತ್ತ ಹೋದಳು. ಅರ್ಧದಲ್ಲಿ ಒಮ್ಮೆಲೆ ಅಪ್ಪನನ್ನು ಕೂಗಿ ಚೀರಿದಳು.

"ಅಬ್ಬಾ! ಇದರಾಗ ಹನ್ನೊಂದ ಹಾಕೀರಿ! ನನ್ನ ಅಮ್ಮೀಗೆ ಒಂದ ದಿನಾ ಜಾಸ್ತಿ ಮಾಡೀರಿ!"

ದಸ್ತಗೀರ ಶೆಡ್ಡಿನಿಂದ ಓಡಿ ಬಂದು, "ತಪ್ಪಾತವ್ವಾ ನನ್ನವ್ವಾ" ಎಂದು ಇಕ್ಕಳದಿಂದ ಒಂದು ಮಣಿ ಕಿತ್ತ. ನಾವೆಲ್ಲ ನಕ್ಕೆವು. ಅಮ್ಮೀ ಕೊಟ್ಟು ಹೋಗಿದ್ದ ತಲೆಗೂದಲಿನ ಕೆಂಪು ಕ್ಲಿಪ್ಪನ್ನು ಆಫ್ರೀನ್ ಆ ದಿನದ ಮಣಿಗೆ ಸಿಕ್ಕಿಸಿದಳು. ಅಂದಿನಿಂದ ದಿನಾ ಬೆಳಿಗ್ಗೆ ಮುಖ ತೊಳೆದ ಕೂಡಲೇ ಕ್ಲಿಪ್ಪು ಒಂದು ಮಣಿ ಮುಂದೆ ಹೋಗುತ್ತಿತ್ತು. "ಯಾವಾಗ ಬರತಾಳ" ಎಂದು ಕೇಳುವುದು ನಿಂತಿತು. ನಾನು ಹಿಗ್ಗಿದೆ. ಮೂವತ್ತೊಂದು ವರ್ಷದಲ್ಲಿ ಇಷ್ಟು ಚೆಂದದ ಪಾಠ ಕೊಟ್ಟಿಲ್ಲ ಎಂದು ಯಜಮಾನರ ಮುಂದೆ ಬಡಾಯಿ ಕೊಚ್ಚಿಕೊಂಡದ್ದೂ ಉಂಟು.

ಶಬಾನಾಳ ಫೋನು ವಾರಕ್ಕೆ ಒಂದೇ ಸಲ. ಬೇರೆ ದಿನ ಫೋನು ಆ ಮನೆಯ ಯಜಮಾನಿಯ ಹತ್ತಿರ ಇರುತ್ತಿತ್ತು. ಶುಕ್ರವಾರ ಮಧ್ಯಾಹ್ನ ಅವರೆಲ್ಲ ಉಂಡು ಮಲಗಿದ ಮೇಲೆ ಇಪ್ಪತ್ತು ನಿಮಿಷ ಅವಳ ಕೈಗೆ ಸಿಗುತ್ತಿತ್ತು, ನಮ್ಮ ಕಡೆ ಮೂರೂವರೆ. ಇಲ್ಲಿಂದ ಮಾಡಿದರೆ ಹತ್ತುತ್ತಿರಲಿಲ್ಲ.

ಜನವರಿಯ ಮೊದಲ ಶುಕ್ರವಾರ. ಕ್ಲಿಪ್ಪು ಇನ್ನೂರ ಹದಿಮೂರನೆಯ ಮಣಿಯ ಮೇಲಿತ್ತು. ಊಟವಾದ ಮೇಲೆ ಆಫ್ರೀನ್, ಯಾರೂ ಹೇಳದೆ, ಇಡೀ ಸರ ಹಾಸಿ ಒಂದರಿಂದ ಎಣಿಸಲು ಕುಂತಳು. ಆ ತನಕ ಮುನ್ನೂರರ ಆಚೆ ಹೋದವಳಲ್ಲ. ನೂರು ದಾಟಿತು, ಇನ್ನೂರು ದಾಟಿತು. ದನಿ ಸಣ್ಣಗೆ ಒಂದೇ ಲಯದಲ್ಲಿ ಹರಿಯುತ್ತಿತ್ತು. ಹಣೆಯ ಮೇಲೆ ಬೆವರು, ಜಗತ್ತಿನ ಮೇಲೆ ಲಕ್ಷ್ಯವಿಲ್ಲ. ಟೀಚರ್ ಆದವಳು ವರ್ಷಗಟ್ಟಲೆ ಕಾಯುವುದು ಇಂಥ ಒಂದು ತಾಸಿಗಾಗಿ.

ನಾನೂರ ಹನ್ನೆರಡು ಎನ್ನುವಾಗ ಪಕ್ಕದ ಗೂಡಿನಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಶಬಾನಾಳ ಮುಖ ಬೆಳಗಿತು. ನನ್ನ ಕೈ ತಾನಾಗಿ ಹೋಗಿ ಗುಂಡಿ ಒತ್ತಿ ಸದ್ದು ನಿಲ್ಲಿಸಿತು. ನಾನಿ ಅಡಿಗೆಮನೆಯಿಂದ ಎದ್ದು ಬಂದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಎರಡನೆಯ ಸಲ ಬಂತು. ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದೆ. ತಡೆದು ಮತ್ತೆ ಮಾಡುತ್ತಾಳೆ, ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಮೂರನೆಯ ಸಲ ಬರಲಿಲ್ಲ.

ಮತ್ತೆ ಮುಕ್ಕಾಲು ತಾಸು ಹಿಡಿಯಿತು. ಕೊನೆಯ ಮಣಿ ಮುಟ್ಟಿ, "ಏಳನೂರಾ ಮೂವತ್ತು!" ಎಂದು ಆಫ್ರೀನ್ ಎದ್ದು ನಿಂತಳು. ಮುಖ ಅರಳಿತ್ತು. "ಟೀಚರ್, ಅಮ್ಮೀ ಫೋನ್ ಇನ್ನೂ ಬಂದಿಲ್ಲೇನ್ರಿ? ಆಕಿ ನೋಡ್ಲಿ ಅಂತ ಎಣಿಸೀನಿ. ಆಕಿಗೆ ಹೇಳೂದೈತಿ, ಪೂರಾ ಎಣಿಸೀನಿ ಅಂತ."

ಮಗು ಎಣಿಸಿದ್ದೇ ಆ ಫೋನಿಗಾಗಿ, ನಾನು ಮುಚ್ಚಿ ಹಿಡಿದದ್ದೂ ಅದನ್ನೇ. ಇನ್ನೂ ಬಂದಿಲ್ಲ ಎಂದುಬಿಡಬಹುದಿತ್ತು. ಸುಳ್ಳು ಹೇಳದ ಸಾಮಾನಿನ ಬಗ್ಗೆ ಅಷ್ಟು ಮಾತಾಡಿದವಳು ಸುಳ್ಳು ಹೇಳಲಾರದೆ ಹೋದೆ. "ಬಂದಿತ್ತು ಕೂಸ. ನೀ ಎಣಸಾಕತ್ತಿದ್ದಿ, ನಾನ ಎತ್ತಲಿಲ್ಲ" ಎಂದೆ.

ಅವಳು ಅತ್ತು ರಂಪ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. ನಾನು ಕಲಿಸಿದ ಹಾಗೆಯೇ ಸರವನ್ನು ಗಂಟಾಗದಂತೆ ಮಡಚಿ, ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಗೂಡಿನಲ್ಲಿಟ್ಟು, ಹಿತ್ತಲಿಗೆ ಹೋಗಿ ಅಪ್ಪನ ಪಕ್ಕ ಕುಂತಳು. ನಾನಿ ನನಗೆ ಚಹಾ ತಂದುಕೊಟ್ಟರು. ಬೈಯಲಿಲ್ಲ. "ಅಕ್ಕೋರ, ಲೆಕ್ಕ ನಾಳಿನೂ ಇರತಿತ್ತು," ಎಂದರು. "ಕೂಸು ಅತ್ತರ ನಾವು ನಮಾಜನೂ ಲಗೂನ ಮುಗಸ್ತೀವಿ."

ಬಸ್ಸಿನಲ್ಲಿ ಬೆಳಗಾವಿಯ ತನಕ ಆ ಮಾತು ನನ್ನ ಜೊತೆಗೇ ಕೂತು ಬಂತು. ಶಬಾನಾಳಿಗೆ ಹೇಳಿದ್ದ ನನ್ನ ಉಪಮೆಯನ್ನೇ ಹಿಡಿದು, ಅದು ನನ್ನದೆಂದು ಗೊತ್ತೇ ಇಲ್ಲದೆ, ನಾನಿ ನನಗೆ ಪಾಠ ಹೇಳಿದ್ದರು.

ಮುಂದಿನ ಶುಕ್ರವಾರ ಫೋನು ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಆ ಮನೆಯವರು ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರೆಂದು, ಶಬಾನಾ ಹಗಲೂ ರಾತ್ರಿ ಅಲ್ಲೇ ಇದ್ದಳೆಂದು ಆಮೇಲೆ ತಿಳಿಯಿತು. ಆಗ ನಮಗೆ ಏನೂ ಗೊತ್ತಿರಲಿಲ್ಲ. ಆಫ್ರೀನ್ ಶುಕ್ರವಾರ ಬೆಳಗಿನಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂಡುತ್ತಿದ್ದಳು. ರಾಡ್ ಮುಟ್ಟಲಿಲ್ಲ, ಕಡ್ಡಿ ಮುಟ್ಟಲಿಲ್ಲ. ಕ್ಲಿಪ್ಪು ಇನ್ನೂರ ಹದಿಮೂರರಲ್ಲೇ ನಿಂತಿತ್ತು. ನಾನು ಹೋದರೆ ಪಾಪ, ಮರ್ಯಾದೆಯಿಂದ "ಬರ್ರಿ ಟೀಚರ್, ಕುಂದರ್ರಿ" ಎನ್ನುತ್ತಿದ್ದಳು, ಬೀಗರ ಮನೆಯವರಿಗೆ ಹೇಳಿದ ಹಾಗೆ.

ನಾಲ್ಕನೆಯ ಶುಕ್ರವಾರ ಮೂರೂವರೆಗೆ ಫೋನು ಬಂದಾಗ ಆಫ್ರೀನ್ ಅದನ್ನು ನನ್ನ ಕೈಗೆ ಹಾಕಿ ಬಾಗಿಲ ಹಿಂದೆ ಹೋಗಿ ನಿಂತಳು. ಮುನಿಸು. ನಾನು ಶಬಾನಾಗೆ ಎಲ್ಲ ಹೇಳಿದೆ, ಒಂದನ್ನೂ ಮುಚ್ಚಿಡದೆ. ಅವಳು ಕಣ್ಣು ಕೆಳಗೆ ಮಾಡಿ ಕೇಳಿದಳು. ಮೊಗ ಇಳಿದಿತ್ತು.

"ನನಗ ಹಂಗ ಅನಿಸಿತ್ರಿ ಟೀಚರ್. ಆಕಿ ಕೆಲಸದಾಗ ಇರಬೇಕು ಅಂತ ಮತ್ತ ಮಾಡಲಿಲ್ಲ. ನಾ ಅಲ್ಲಿದ್ದಿದ್ರ ನಾನೂ ಹಂಗ ಮಾಡತಿದ್ದೆ." ಕಣ್ಣೆತ್ತಿ, "ಆದ್ರ ನಾ ಅಲ್ಲಿ ಇಲ್ಲಲ್ರಿ" ಎಂದಳು.

ಆಮೇಲೆ ಕಣ್ಣೊರೆಸಿಕೊಂಡು, "ಆಕಿನ್ನ ಕರೀಬ್ಯಾಡ್ರಿ. ಸರಾ ಹಾಸ್ರಿ, ಫೋನ ಅದರ ಕಡೆ ಹಿಡೀರಿ" ಎಂದಳು. ಹಾಸಿದೆ. ಇಪ್ಪತ್ತೆಂಟು ದಿನ ಹಿಂದೆ ಉಳಿದಿದ್ದ ಕ್ಲಿಪ್ಪಿನಿಂದ ಶಬಾನಾ ಗಟ್ಟಿಯಾಗಿ ಎಣಿಸತೊಡಗಿದಳು, ನಾನು ಮಣಿಯ ಮೇಲೆ ಬೆರಳಿಡುತ್ತ ಹೋದೆ. ಇನ್ನೂರ ಹದಿನಾಲ್ಕು, ಇನ್ನೂರ ಹದಿನೈದು. ಹತ್ತೊಂಬತ್ತು ಆದ ಕೂಡಲೇ "ಇನ್ನೂರಾ ಮೂವತ್ತು" ಎಂದಳು. ಬೇಕೆಂದೇ ಅಂದಳೋ, ಅಳುವಿನಲ್ಲಿ ತಪ್ಪಿದಳೋ, ನಾನು ಇವತ್ತಿನ ತನಕ ಕೇಳಿಲ್ಲ.

"ಇಪ್ಪತ್ತು!" ಎಂದಿತು ಬಾಗಿಲ ಹಿಂದಿನ ದನಿ. "ಅಮ್ಮೀ, ಹತ್ತ ದಿನಾ ನುಂಗಿದಿ ನೋಡು!" ಎನ್ನುತ್ತ ಆಫ್ರೀನ್ ಓಡಿ ಬಂದು ನನ್ನ ಬೆರಳನ್ನು ಸರಿಸಿ ತನ್ನ ಬೆರಳಿಟ್ಟಳು. ಇನ್ನೂರ ನಲವತ್ತೊಂದಕ್ಕೆ ಕ್ಲಿಪ್ಪು ಬಂತು. ನಾನು ಹಿತ್ತಲಿಗೆ ಹೋಗಿ, ದಸ್ತಗೀರ ನೋಡುತ್ತಾನೆಂದು ನಾಚಿಕೆಪಡದೆ ಅತ್ತೆ.

ಆಮೇಲಿನ ದಿನಗಳು ಸರಳವಾಗಿ ಹೋದವು. ಆಫ್ರೀನ್ ಒಂದನೆಯ ಇಯತ್ತೆಗೆ ಸೇರಿದಳು. ನಾನು ಸಂಜೆ ಹೋಗತೊಡಗಿದೆ. ಕೂಡಿಸುವುದು, ಕಳೆಯುವುದು, ಮಣಿಗಳ ನೂರರ ಚೌಕ, ಸಾವಿರದ ಘನ. ಸರ ಮಾತ್ರ ಗೂಡಿನಲ್ಲೇ ಇತ್ತು, ಕ್ಲಿಪ್ಪು ನಡೆಯುತ್ತಿತ್ತು. ಎರಡನೆಯ ವರ್ಷದ ಜೂನ್ ಬಂತು. ಶಬಾನಾ ಟಿಕೆಟ್ಟು ಶುಕ್ರವಾರಕ್ಕೆ ಎಂದು ತಿಳಿಸಿದಳು. ನಾನಿ ನನಗೂ ಹೇಳಿದರು, ಆಫ್ರೀನ್‌ಗೂ ಹೇಳಿದರು. ಆಫ್ರೀನ್ ಒಪ್ಪಲಿಲ್ಲ. "ಗುರುವಾರ ಬರತಾಳ. ಮಣಿ ಗುರುವಾರಕ್ಕ ಮುಗೀತಾವು" ಎಂದು ಹಟ ಹಿಡಿದಳಂತೆ.

ಗುರುವಾರ ಕ್ಲಿಪ್ಪು ಕೊನೆಯ ಮಣಿಗೆ ಬಂತು. ಹೊಸ ಫ್ರಾಕು ಹಾಕಿಕೊಂಡು ಸಂಜೆಯ ತನಕ ಹೊಸ್ತಿಲ ಮೇಲೆ ಕುಂತಳಂತೆ. ನಾನಿ "ನಾಳಿ ಬರತಾಳ ನನ್ನ ಬಂಗಾರಾ" ಎಂದರೆ, "ನಾಳಿ ಅಂತ ಎಲ್ಲಾರೂ ಯಾವಾಗಲೂ ಅಂತೀರಿ" ಎಂದು ಉಣ್ಣದೆ ಮಲಗಿದಳಂತೆ. ನಾನಿ ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಬಸ್ಸಿನಲ್ಲಿದ್ದೆ. ಬೆರಳು ಮಡಚಿ ತಿಂಗಳು ಎಣಿಸಿದೆ. ಫೆಬ್ರವರಿಗೆ ಬಂದಾಗ ಬೆರಳು ನಿಂತಿತು. ಆ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಏಳುನೂರ ಮೂವತ್ತಲ್ಲ, ಏಳುನೂರ ಮೂವತ್ತೊಂದು. ಮೂವತ್ತೊಂದು ವರ್ಷ ಮಕ್ಕಳಿಗೆ ಎಣಿಕೆ ಕಲಿಸಿದ ಮಹಾತಾಯಿ ನಾನು! ದಸ್ತಗೀರ ತಪ್ಪಿ ಪೋಣಿಸಿದ್ದ ಆ ಒಂದು ಮಣಿಯೇ ಸರಿಯಾಗಿತ್ತು. ಅದನ್ನು ಕೀಳುವಾಗ ನಾನೂ ನಕ್ಕಿದ್ದೆ.

ಮನೆಗೆ ಮುಟ್ಟಿದಾಗ ಆಫ್ರೀನ್ ಪಡಸಾಲೆಯಲ್ಲಿ ಸರ ಹಾಸಿ, ಬಾಗಿಲಿಗೆ ಬೆನ್ನು ಮಾಡಿ, ಮೊದಲಿನಿಂದ ಎಣಿಸುತ್ತಿದ್ದಳು. ತಾನೇ ಎಲ್ಲೋ ತಪ್ಪಿರಬೇಕು ಎಂದು ಅವಳಿಗೆ ಅನಿಸಿತ್ತು. ಸಾಮಾನು ಸುಳ್ಳು ಹೇಳುವುದಿಲ್ಲ ಎಂದು ಕಲಿಸಿದವಳು ನಾನೇ ತಾನೆ. ಕೆಂಪಗೆ ಊದಿದ ಕಣ್ಣು, ಬೆರಳು ಮಣಿಯ ಮೇಲೆ. ಐನೂರು ಕಳೆದಿತ್ತು. ಸುಳ್ಳು ಹೇಳಿದ್ದು ಮಣಿಯಲ್ಲ, ನಾನು ಎಂದು ಹೇಳಲು ಬಾಯಿ ತೆರೆದೆ. ಆದರೆ ಆ ದನಿಯ ಲಯ ಕೇಳಿ, ಎಷ್ಟೋ ವರ್ಷದ ರೂಢಿ, ಬಾಯಿ ಮುಚ್ಚಿ ಗೋಡೆಗೆ ಒರಗಿ ನಿಂತೆ.

ಆಗ ಓಣಿಯಲ್ಲಿ ಆಟೊ ನಿಂತ ಸದ್ದಾಯಿತು. ದಸ್ತಗೀರ ಸೂಟ್‌ಕೇಸ್ ಇಳಿಸುತ್ತಿದ್ದ. ಶಬಾನಾ ಹೊಸ್ತಿಲ ತನಕ ಓಡಿ ಬಂದಳು. ಬಂದವಳು ಮಗಳ ಬೆನ್ನು ನೋಡಿದಳು, ಸರ ನೋಡಿದಳು, ಎಣಿಸುವ ದನಿ ಕೇಳಿದಳು. ಗಕ್ಕನೆ ನಿಂತುಬಿಟ್ಟಳು. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ, ಚಪ್ಪಲಿ ಸದ್ದಾಗಬಾರದೆಂದು ಅವನ್ನು ಮೆಲ್ಲಗೆ ಕಳಚಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಎರಡು ವರ್ಷ ಕಾದು ಬಂದವಳು, ಮಗಳು ಎಣಿಸಿ ಮುಗಿಸುವ ತನಕ ಇನ್ನೂ ಕಾಯಲು ತಯಾರಾಗಿದ್ದಳು. ಅದು ನಾನೇ ಅವಳನ್ನು ಅಂಗಳದಲ್ಲಿ ನಿಲ್ಲಿಸಿ ಕಲಿಸಿದ್ದ ನಿಯಮ.

ನನ್ನಿಂದ ತಡೆಯಲಾಗಲಿಲ್ಲ. "ಆಫ್ರೀನ್!" ಎಂದು ಕೂಗಿದೆ, ಓಣಿಗೆಲ್ಲ ಕೇಳುವ ಹಾಗೆ. "ಸಾಕ ಬಿಡ ಕೂಸ ಎಣಸೂದು! ತಿರುಗಿ ನೋಡ!"

ಕೆಲಸದಲ್ಲಿ ಮುಳುಗಿದ ಮಗುವನ್ನು ನಾನು ಕರೆದದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಮಗುವಿನ ಏಕಾಗ್ರತೆಯನ್ನು ಕಾಯಬೇಕು ಎಂದು ಈಗಲೂ ಹೊಸ ಟೀಚರುಗಳಿಗೆ ಹೇಳುತ್ತೇನೆ, ಆ ನಿಯಮದ ಮೇಲೆ ನನಗೆ ನಂಬಿಕೆ ಕಡಿಮೆಯಾಗಿಲ್ಲ. ಜೊತೆಗೆ, ಮಗು ಯಾರಿಗಾಗಿ ಎಣಿಸುತ್ತಿದೆ ಎಂಬುದನ್ನೂ ಕೇಳಿಕೊಳ್ಳಿ ಎನ್ನುತ್ತೇನೆ. ಇದನ್ನು ಕಲಿಯಲು ನನಗೆ ನಿವೃತ್ತಿಯೇ ಆಗಬೇಕಾಯಿತು. ಶಬಾನಾಳ ಕುಟುಂಬ ಈಗ ಖಾನಾಪುರದಲ್ಲೇ ಅಂಗಡಿ ಮಾಡಿಕೊಂಡು ಸುಖವಾಗಿದೆ, ಆಫ್ರೀನ್‌ಗೆ ಟೀಚರ್ ಬೇಕಾಗಿಲ್ಲ. ನನಗೆ ಮಾತ್ರ ಶುಕ್ರವಾರ ಬಂತೆಂದರೆ ಖಾನಾಪುರದ ಬಸ್ಸು ಹತ್ತಬೇಕೆಂದು ಜೀವ ಹಾತೊರೆಯುತ್ತದೆ.

ಆ ದಿನ ತಾಯಿ ಮಗಳು ಒಬ್ಬರನ್ನೊಬ್ಬರು ಬಿಡದೆ ಹೊಸ್ತಿಲಲ್ಲೇ ಕುಂತಿದ್ದರು. ಹಾಸಿದ ಸಾಮಾನನ್ನು ಹಾಸಿದವರೇ ಎತ್ತಿಡಬೇಕು ಎಂಬುದೂ ನಮ್ಮ ನಿಯಮ. ಅದನ್ನೂ ಮುರಿದು ನಾನೇ ಮೊಣಕಾಲೂರಿ, ಸರವನ್ನು ಗಂಟಾಗದಂತೆ ಮಡಚಿ ತಟ್ಟೆಯಲ್ಲಿಟ್ಟೆ. ನಾನು ಕೂಗಿದಾಗ ಅವಳ ಬೆರಳು ಆರುನೂರ ಹದಿನೆಂಟರ ಮೇಲಿತ್ತು. ಉಳಿದದ್ದನ್ನು ಯಾರೂ ಎಣಿಸಲಿಲ್ಲ.